ಸುರಪುರದಿಂದ ವಿಮಾನಕ್ಕೆ ಎಷ್ಟು ಹೊತ್ತು?

ಶಹಾಪುರದಲ್ಲಿ ಟಿಕೆಟ್ ಬುಕ್ಕಿಂಗ್ ಮತ್ತು ಬಾಡಿಗೆ ಗಾಡಿ ನನ್ನ ವ್ಯವಹಾರ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಅಂಗಡಿಗೆ ಬರುವವರು ಮೊದಲು ಕೇಳುವುದು ಒಂದೇ: "ಯಾವ ಏರ್‌ಪೋರ್ಟ್ ಹತ್ರ ಆಗ್ತದ್ರೀ, ಕಲಬುರಗಿನೋ ಹೈದರಾಬಾದೋ?" ಕೇಳುವವರಲ್ಲಿ ಆಸ್ಪತ್ರೆಗೆ ಹೊರಟವರು, ಕೆಲಸಕ್ಕೆ ಸೇರಲು ಹೊರಟ ಹುಡುಗರೇ ಹೆಚ್ಚು. ಅವರಿಗಾಗಿ ಇದು.

1. ಊರಿನ ದೂರ ಬೇರೆ, ವಿಮಾನ ನಿಲ್ದಾಣದ ದೂರ ಬೇರೆ. ಶಹಾಪುರದಿಂದ ಕಲಬುರಗಿ ಸುಮಾರು 80 ಕಿ.ಮೀ., ಸುರಪುರದಿಂದ 100 ದಾಟುತ್ತದೆ. ಜೇವರ್ಗಿ ಮೇಲಿಂದ ಹೋಗುವ ನಾವು ಊರಿನ ದಕ್ಷಿಣಕ್ಕೆ ತಲುಪುತ್ತೇವೆ. ನಿಲ್ದಾಣ ಇರುವುದು ಪೂರ್ವಕ್ಕೆ, ಸೇಡಂ ರಸ್ತೆಯ ಕಡೆ. ಅದಕ್ಕೆಂದೇ ಇನ್ನೂ ಅರ್ಧ ಗಂಟೆ ಇಟ್ಟುಕೊಳ್ಳಿ. ಹೈದರಾಬಾದಿನ ವಿಮಾನ ನಿಲ್ದಾಣ ಇರುವ ಶಂಶಾಬಾದಿನ ಮಾತು ಇದಕ್ಕೆ ಉಲ್ಟಾ. ಯಾದಗಿರಿಯಿಂದ ಸುಮಾರು 200 ಕಿ.ಮೀ. ಆದರೂ ಮಹಬೂಬ್‌ನಗರ, ಜಡ್ಚರ್ಲಾ ಹಾದು ಬಂದವರಿಗೆ ಹೈದರಾಬಾದ್ ನಗರಕ್ಕಿಂತ ಮೊದಲೇ ನಿಲ್ದಾಣ ಸಿಗುತ್ತದೆ. ನಗರದ ಟ್ರಾಫಿಕ್ಕಿಗೆ ಹೆದರಿ ಅದನ್ನು ಬಿಡಬೇಕಿಲ್ಲ.

2. ಕಲಬುರಗಿಯಿಂದ ಹಾರುವ ವಿಮಾನಗಳು ಕಡಿಮೆ, ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ. ಹೋದ ವರ್ಷ ಹತ್ತಿದ ವಿಮಾನ ಈ ತಿಂಗಳೂ ಇದೆಯೆಂದು ನಂಬಿ ಗಾಡಿ ಹೇಳಬೇಡಿ. ಶಂಶಾಬಾದಿನಲ್ಲಿ ಒಂದು ತಪ್ಪಿದರೆ ಅದೇ ದಿನ ಇನ್ನೊಂದು ಸಿಗುವ ಸಾಧ್ಯತೆ ಉಂಟು. ದುಬೈಗೆ ಹೊರಟವರು, ಉಮ್ರಾ ಯಾತ್ರಿಕರು ನೇರ ಅಲ್ಲಿಗೇ ಹೋಗುವುದು ಒಳ್ಳೆಯದು.

3. "ಕಲಬುರಗಿ ತಪ್ಪಿದ್ರ ಬೀದರ್ ಅದಲ್ಲ" ಅನ್ನುತ್ತಾರೆ. ಬೀದರಿನಿಂದ 2020ರ ಫೆಬ್ರುವರಿಯಲ್ಲಿ ವಿಮಾನ ಶುರುವಾಯಿತು, ನಿಜ. ಆದರೆ ಈ ಎರಡು ನಿಲ್ದಾಣಗಳ ನಡುವೆ ರಸ್ತೆಯಲ್ಲಿ ನೂರು ಕಿ.ಮೀ.ಗೂ ಹೆಚ್ಚು ದೂರ, ಎರಡು ಗಂಟೆಗೂ ಮೀರಿದ ದಾರಿ. ಚೆಕ್-ಇನ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಓಡಿಹೋಗಿ ಹಿಡಿಯುವ ಮಾತಲ್ಲ.

4. ಶಹಾಪುರ, ಸುರಪುರ ಎರಡೂ ಕೃಷ್ಣಾ ಮತ್ತು ಭೀಮಾ ನಡುವಿನ ಊರುಗಳು. ಕಲಬುರಗಿಗಾಗಲಿ ಯಾದಗಿರಿ ಸ್ಟೇಷನ್ನಿಗಾಗಲಿ ಹೋಗಲು ಭೀಮಾ ದಾಟಲೇಬೇಕು. 2020ರ ಅಕ್ಟೋಬರಿನ ಪ್ರವಾಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹೊರಡುವ ಹಿಂದಿನ ಸಂಜೆಯೇ ಸೇತುವೆಯ ಸುದ್ದಿ ಕೇಳಿ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ನೀರಿನ ಭಯವಿಲ್ಲ. ಆದರೆ ಮೈತುಂಬ ಹತ್ತಿ ಹೇರಿದ ಟ್ರ್ಯಾಕ್ಟರ್‌ಗಳ ಹಿಂದೆ ಕತ್ತಲಲ್ಲಿ ಡ್ರೈವರನಿಗೆ ಅವಸರ ಮಾಡಬೇಡಿ. ಒಂದು ಗಂಟೆ ಮೊದಲೇ ಹೊರಡಿ.

5. ಶಂಶಾಬಾದಿಗೆ ಹೋಗುವ ಹಳದಿ ಬೋರ್ಡ್ ಗಾಡಿಗೆ ತೆಲಂಗಾಣದೊಳಗೆ ಹೋಗುವ ಪರ್ಮಿಟ್ ಇದೆಯೇ, ಮೊದಲೇ ಕೇಳಿ.

6. ಬೆಂಗಳೂರಿಗಾದರೆ ರೈಲನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿಮಾನ ಗಾಳಿಯಲ್ಲಿರುವುದು ಒಂದು ಗಂಟೆಯ ಆಸುಪಾಸು ಮಾತ್ರ. ಸುರಪುರದಿಂದ ಕಲಬುರಗಿ ನಿಲ್ದಾಣ, ಅಲ್ಲಿ ಕಾಯುವುದು, ಇಳಿದ ಮೇಲೆ ದೇವನಹಳ್ಳಿಯಿಂದ ನಗರಕ್ಕೆ ಸುಮಾರು 35 ಕಿ.ಮೀ., ಎಲ್ಲ ಕೂಡಿದರೆ ಏಳು ಗಂಟೆ ಹಿಡಿಯುತ್ತದೆ. ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ ರೋಗಿ ಮಲಗಿಕೊಂಡೇ ಹೋಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯಬಹುದು. ಟಿಕೆಟ್ ಮಾರಿ ಬದುಕುವವನಾದರೂ ವಯಸ್ಸಾದವರಿಗೆ ನಾನು ಇದನ್ನೇ ಹೇಳುತ್ತೇನೆ.

ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ಒಂದು ವಿನಂತಿ. ಸುರಪುರದಿಂದ ಹೊರಟು, ಶಹಾಪುರ, ಜೇವರ್ಗಿ ಹಾದು, ವಿಮಾನದ ವೇಳೆಗೆ ಸರಿಯಾಗಿ ನಿಲ್ದಾಣದ ಬಾಗಿಲವರೆಗೆ ಹೋಗುವ ಬಸ್ಸು ಬೇಕು. ಕಾರಿನ ಬಾಡಿಗೆ ಕೊಡಲಾಗದವರೂ ವಿಮಾನ ಹತ್ತುವ ಕಾಲ ಇದು.