ಅಕ್ಷರದ ಸಂಖ್ಯೆಯೂ ಅಕ್ಷರದ ರೂಪವೂ

ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಅಚ್ಚಿಗೆ ಅಣಿಗೊಳಿಸುವ ವಿದ್ಯಾರ್ಥಿಗಳು ಒಂದು ವಿಚಿತ್ರವನ್ನು ಕಂಡಿರಬಹುದು. ವರ್ಡ್ ಕಡತದಲ್ಲಿ ಅಚ್ಚುಕಟ್ಟಾಗಿದ್ದ ಕನ್ನಡ ಲೇಖನವು ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶಕ್ಕೆ ಬಂದೊಡನೆ ರೋಮನ್ ಅಕ್ಷರಗಳ ಸಂತೆಯಾಗುತ್ತದೆ. ಇಲ್ಲವೆ ಒತ್ತಕ್ಷರಗಳು ಕಳಚಿಕೊಂಡು ಸಾಲಾಗಿ ನಿಲ್ಲುತ್ತವೆ. ಎರಡನ್ನೂ ‘ಫಾಂಟ್ ಕೆಟ್ಟಿದೆ’ ಎಂಬ ಒಂದೇ ಮಾತಿನಿಂದ ಹೇಳುವುದು ವಾಡಿಕೆ. ಆದರೆ ರೋಗಗಳು ಬೇರೆ, ಮದ್ದೂ ಬೇರೆ.

ಗಣಕಯಂತ್ರವು ಅಕ್ಷರವನ್ನರಿಯದು, ಸಂಖ್ಯೆಯನ್ನು ಮಾತ್ರ ಅರಿಯುವುದು. ಆ ಸಂಖ್ಯೆಗೆ ರೂಪವನ್ನು ಕೊಡುವುದು ಫಾಂಟು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಯೂನಿಕೋಡ್ ಪದ್ಧತಿಯಲ್ಲಿ ಇದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ಎಂದರೆ ಕ, ನ, ವಿರಾಮಚಿಹ್ನೆ, ನ, ಡ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಾದರೋ ಅದೇ ಪದವು 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳಾಗುವುದು. ಇವು ಅಕ್ಷರಗಳಲ್ಲ, ಅಕ್ಷರಗಳ ತುಂಡುಗಳು. 80 ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು, 192 ತಲೆಕಟ್ಟು, 223 ನಕಾರದ ಒತ್ತು. ಲೋಕದ ಒಪ್ಪಂದದಂತೆ ನೋಡಿದರೆ 80 ರೋಮನ್ ಲಿಪಿಯ ‘ಪಿ’, 163 ಪೌಂಡ್ ನಾಣ್ಯದ ಚಿಹ್ನೆ! ಹಳೆಯ ಫಾಂಟು ಜೊತೆಗಿರುವವರೆಗೆ ವೇಷ ನಿಲ್ಲುತ್ತದೆ. ಅದು ಮರೆಯಾದೊಡನೆ ನಿಜರೂಪ ಬಯಲಾಗುತ್ತದೆ. ಇಂತಹ ಬರಹಕ್ಕೆ ಯೂನಿಕೋಡ್ ಫಾಂಟನ್ನು ತೊಡಿಸಿ ಫಲವಿಲ್ಲ. ಸಂಖ್ಯೆಗಳನ್ನೇ ಪರಿವರ್ತಿಸಬೇಕು.

ಪರಿವರ್ತನೆಯೂ ಬರಿಯ ಅದಲುಬದಲಲ್ಲ. ‘ಕರ್ನಾಟಕ’ ಎಂಬಲ್ಲಿ ಅರ್ಕಾವೊತ್ತು ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವಂತೆ ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು. ಆದುದರಿಂದ ಪರಿವರ್ತಕವು ಸ್ಥಾನವನ್ನೂ ಬದಲಿಸಬೇಕಾಗುತ್ತದೆ. ಇನ್ನು ಇಂಗ್ಲಿಷ್ ಬೆರೆತ ಲೇಖನವನ್ನು ಇಡಿಯಾಗಿ ಪರಿವರ್ತಕಕ್ಕೆ ಒಪ್ಪಿಸಿದರೆ, ಒತ್ತಡವನ್ನು ಸೂಚಿಸುವ ‘ಪಿ’ ಸಹ ಕಕಾರದ ಪಾಲಾದೀತು. ಕನ್ನಡ ಭಾಗಗಳನ್ನಷ್ಟೇ ಪ್ರತ್ಯೇಕಿಸಿ ಕೊಡುವುದು ಲೇಸು.

ಎರಡನೆಯ ರೋಗದಲ್ಲಿ ಸಂಖ್ಯೆಗಳು ಸರಿಯಾಗಿಯೇ ಇರುತ್ತವೆ. 3277 ಬಂದಾಗ ಮುಂದಿನ ನಕಾರವನ್ನು ಒತ್ತಾಗಿ ಕೆಳಗಿಳಿಸುವ ಕೆಲಸ ನಡೆದಿಲ್ಲ, ಅಷ್ಟೆ. ಇನ್‌ಡಿಸೈನಿನಲ್ಲಿ ಇದನ್ನು ಮಾಡುವುದು ‘ವರ್ಲ್ಡ್-ರೆಡಿ’ ಎಂಬ ಜೋಡಣಾಕ್ರಮ. ಪ್ಯಾರಾಗಳ ಶೈಲಿಯಲ್ಲೇ ಅದನ್ನು ಆರಿಸಿಬಿಟ್ಟರೆ ಒಂದೊಂದು ಪ್ಯಾರಾವನ್ನೂ ತಿದ್ದುವ ಶ್ರಮವಿಲ್ಲ. ಎರಡರಲ್ಲಿ ಯಾವ ರೋಗವೆಂದು ಅರಿಯಲು ಬರಹವನ್ನು ನೋಟ್‌ಪ್ಯಾಡಿಗೆ ಅಂಟಿಸಿ ನೋಡಬೇಕು: ಅಲ್ಲಿ ಕನ್ನಡವೇ ಕಂಡರೆ ಸಂಖ್ಯೆಗಳು ಸರಿ.

ಶೈಲಿಯ ತೊಡಕುಗಳಲ್ಲಿ ಗುಲಾಬಿ ಬಣ್ಣದ ಗುರುತು ಸಣ್ಣದು. ದಪ್ಪ ರೂಪವಿಲ್ಲದ ಫಾಂಟನ್ನೂ ವರ್ಡ್ ತಾನೇ ದಪ್ಪಗೊಳಿಸಿ ತೋರಿಸುತ್ತದೆ. ಇನ್‌ಡಿಸೈನ್ ಆ ಸೋಗನ್ನು ಹಾಕದೆ ಫಾಂಟಿಲ್ಲವೆಂದು ಗುಲಾಬಿ ಬಳಿಯುತ್ತದೆ. ದಪ್ಪ ರೂಪವುಳ್ಳ ಫಾಂಟನ್ನು ಆರಿಸಿದರಾಯಿತು. ನಮಗೆ ಹೆಚ್ಚು ಅಂಜಿಕೆ ತರುವುದು ಮೂಲದ ಶೈಲಿಗಳನ್ನೆಲ್ಲ ತೆಗೆದುಹಾಕುವ ಆಯ್ಕೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 × 10⁸ ಮೀಟರ್ ಎಂದು ಬರೆದುದರಲ್ಲಿ 8ನ್ನು ಮೇಲಕ್ಕೇರಿಸಿದುದು ವರ್ಡಿನ ಶೈಲಿಯಾಗಿದ್ದರೆ, ಶೈಲಿ ಹೋದೊಡನೆ ಅದು 3 × 108 ಆಗುತ್ತದೆ. ಬೆಳಕು ಸೆಕೆಂಡಿಗೆ 324 ಮೀಟರ್, ಗಾಳಿಯಲ್ಲಿ ಶಬ್ದಕ್ಕಿಂತಲೂ ನಿಧಾನ! ಪುಟ ಮಾತ್ರ ಅಂದವಾಗಿಯೇ ಕಾಣುತ್ತದೆ; ಕರಡು ತಿದ್ದುವವನ ಕಣ್ಣಿಗೆ ಕಾಗುಣಿತದ ತಪ್ಪಾವುದೂ ಬೀಳದು. ವಿಜ್ಞಾನದ ಲೇಖನವನ್ನು ತರುವಾಗ ಆಮದಿನ ಆಯ್ಕೆಗಳ ಪಟ್ಟಿಯನ್ನು ತೆರೆದು ಶೈಲಿಗಳನ್ನು ಉಳಿಸಿಕೊಂಡು, ಘಾತಸೂಚಿಗಳನ್ನು ಮೂಲದೊಡನೆ ಒಂದೊಂದಾಗಿ ತಾಳೆ ನೋಡತಕ್ಕದ್ದು.