ಮಂಕು ಮನಸ್ಸಿಗೆ ಥೈರಾಯ್ಡ್ ಕಾರಣವೇ?

ಖಿನ್ನತೆಗೆ ಮಾತ್ರೆ ನುಂಗುತ್ತಿರುವ ನಿಮ್ಮ ತಂಗಿಯನ್ನು ಸೋಮಾರಿ ಎಂದು ಬೈಯುವುದನ್ನು ಮನೆಯವರು ಇಂದೇ ನಿಲ್ಲಿಸಲಿ. ಆಕೆಯ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪ್ರಚೋದಕ ಹಾರ್ಮೋನು) 18, ಆ್ಯಂಟಿ-ಟಿಪಿಒ (ಥೈರಾಯ್ಡ್ ವಿರುದ್ಧದ ಪ್ರತಿಕಾಯ) ಪಾಸಿಟಿವ್ ಎಂದರೆ ಬಹುತೇಕ ಹಾಶಿಮೊಟೊ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದಿರುತ್ತದೆ. ಥೈರಾಯ್ಡ್ ಹಾರ್ಮೋನು ತಗ್ಗಿದರೆ ಮೈಭಾರ, ಮರೆವು, ಕಾರಣವಿಲ್ಲದ ಅಳು ಎಲ್ಲವೂ ಬರಬಹುದು. ಥೈರಾಯ್ಡ್ ಕೊರತೆಯಿಂದ ತೀವ್ರ ಮನೋವಿಕಾರಕ್ಕೀಡಾದ 14 ರೋಗಿಗಳ ಬಗ್ಗೆ ಲಂಡನ್ನಿನ ವೈದ್ಯ ರಿಚರ್ಡ್ ಆ್ಯಶರ್ 1949ರಲ್ಲೇ ಬರೆದಿದ್ದರು.

ಈ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆಯನ್ನು ತಂಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಲಿ, ಕಾಫಿ ಮುಕ್ಕಾಲು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. 6-8 ವಾರಗಳ ಬಳಿಕ ಮತ್ತೆ ರಕ್ತಪರೀಕ್ಷೆ. ಥೈರಾಯ್ಡ್ ತೊಂದರೆ ಪತ್ತೆಯಾಯಿತೆಂದು ಖಿನ್ನತೆಯ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಎರಡೂ ಕಾಯಿಲೆ ಒಟ್ಟಿಗೇ ಇರಬಹುದು. ಆಕೆ ಸಾಯುವ ಮಾತಾಡಿದರೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.