ಕೀಲಿಕೈ ಕೊಟ್ಟ ಮೇಲೂ

ಸೈಟು, ಮನೆ ಕೊಡಿಸುವ ಕೆಲಸಕ್ಕೆ ಈಗಷ್ಟೇ ಇಳಿದಿದ್ದೀರಾ? ಮೊದಲು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟ್ ಎಂದು ನೋಂದಾಯಿಸಿಕೊಳ್ಳಿ. 2016ರ ಕಾಯ್ದೆಯಡಿ, ಅಲ್ಲಿ ನೋಂದಣಿಯಾದ ಬಡಾವಣೆಯ ಸೈಟು, ಫ್ಲ್ಯಾಟು ಮಾರಿಸಲು ಅದು ಕಡ್ಡಾಯ. ನಂಬಿಕೆಯನ್ನು ಮಾತ್ರ ನೀವೇ ಗಳಿಸಬೇಕು.

ನಿವೃತ್ತಿ ಹಣ ಹಿಡಿದು ಬಂದ ಮೇಷ್ಟ್ರೊಬ್ಬರು ರೆವಿನ್ಯೂ ಸೈಟಿನ ಕಡಿಮೆ ಬೆಲೆಗೆ ಮನಸೋತರೆ, ಕಮಿಷನ್ ಕೈತಪ್ಪಿದರೂ ಸರಿ, ‘ಬೇಡ ಸಾರ್, ಭೂಪರಿವರ್ತನೆ ಆಗಿಲ್ಲ, ಬ್ಯಾಂಕ್ ಸಾಲ ಸಿಗುವುದೂ ಕಷ್ಟ’ ಎಂದುಬಿಡಿ. ಮೂಲಪತ್ರ, 30 ವರ್ಷದ ಇಸಿ, ಇ-ಖಾತಾ ಎಲ್ಲವನ್ನೂ ಮುಂದಿಟ್ಟು ಓದಿಸಿ. ವಕೀಲರಿಗೆ ತೋರಿಸಿ ಎಂದು ನೀವೇ ಹೇಳಿ. ಅಂದು ಅವರು ಕೊಳ್ಳದಿರಬಹುದು. ಮಗಳಿಗೆ ಮನೆ ಹುಡುಕುವಾಗ ನೆನಪಾಗುವುದು ನಿಮ್ಮ ಹೆಸರೇ.

ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಹೊರಬಿದ್ದೊಡನೆ ಕಣ್ಮರೆಯಾಗುವ ಏಜೆಂಟರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಖಾತೆ ಬದಲಾವಣೆ, ಬೆಸ್ಕಾಂ ಮೀಟರಿಗೆ ಹೊಸ ಹೆಸರು, ಆಸ್ತಿ ತೆರಿಗೆ, ಇವುಗಳ ಅಲೆದಾಟ ಶುರುವಾಗುವುದೇ ಆಗ. ಕೊಂಡವರ ಜೊತೆಗೆ ಒಂದು ದಿನ ಓಡಾಡಿ. ಗೃಹಪ್ರವೇಶಕ್ಕೆ ಕರೆದರೆ ಹೋಗಿ ಊಟ ಮಾಡಿ ಬನ್ನಿ. ವರ್ಷ ಕಳೆದ ಮೇಲೆ ‘ಮಳೆಗೆ ತಾರಸಿ ಸೋರಲಿಲ್ಲ ತಾನೇ ಅಮ್ಮಾ?’ ಎಂದು ಕೇಳಲೆಂದೇ ಒಂದು ಫೋನ್ ಮಾಡಿ.